ತೇಗದ ಬೇರು

ಊಟದ ಕೊನೆಗೆ ಬರುವುದೂ ತೇಗು, ಘಟ್ಟದ ಕಾಡಿನಲ್ಲಿ ಬೆಳೆಯುವುದೂ ತೇಗು. ಇಷ್ಟು ಬೆಲೆಬಾಳುವ ಮರಕ್ಕೆ ನಮ್ಮ ಹಿರಿಯರು ಇನ್ನೊಂದು ಹೆಸರು ಹುಡುಕಬಾರದಿತ್ತೆ ಎನ್ನಿಸುತ್ತದೆ. "ನಾಳೆ ತೇಗದ ಮ್ಯೂಸಿಯಂಗೆ ಹೋಗೋಣ" ಎಂದು ಅಳಿಯಂದಿರು ಹೇಳಿದ್ದೇ ತಡ, ಹತ್ತು ವರ್ಷದ ಮೊಮ್ಮಗ ಬೇಕೆಂದೇ ದೊಡ್ಡದಾಗಿ ಒಂದು ತೇಗು ತೇಗಿ, "ಅಲ್ಲಿ ಇದನ್ನ ಬಾಟಲಿಯಲ್ಲಿ ತುಂಬಿಸಿ ಇಟ್ಟಿರ್ತಾರಾ ಅಮ್ಮಮ್ಮಾ?" ಎಂದ. ಅವನ ತಂಗಿ ನಕ್ಕು ನಕ್ಕು ಮಂಚದಿಂದ ಕೆಳಗೆ ಬಿದ್ದಳು. ಹೀಗೆ ನಮ್ಮ ಪ್ರವಾಸ ಶುರುವಾಯಿತು.

ಇದು 2017ರ ಮೇ ತಿಂಗಳ ಕೊನೆಯ ಮಾತು. ಮೈಸೂರಿನ ಮಗಳ ಮನೆಗೆ ಹೋಗಿದ್ದೆ. ಮಕ್ಕಳ ಶಾಲೆ ಶುರುವಾಗಲಿಕ್ಕೆ ಕೆಲವೇ ದಿನ ಉಳಿದಿತ್ತು. ಊಟಿಗೆ ಹೋದರೆ ಜನಜಂಗುಳಿ, ಸಮುದ್ರಕ್ಕೆ ಹೋದರೆ ಸೆಕೆ. ಕೇರಳದ ನಿಲಂಬೂರಿನಲ್ಲಿ ಬರೀ ತೇಗದ ಮರಕ್ಕೆಂದೇ ಒಂದು ವಸ್ತುಸಂಗ್ರಹಾಲಯ ಇದೆಯಂತೆ, ಮಕ್ಕಳಿಗೆ ಓಡಾಡಲಿಕ್ಕೆ ತೋಟವೂ ಇದೆಯಂತೆ ಎಂದು ಮಗಳು ಎಲ್ಲಿಯೋ ಕೇಳಿ ಬಂದಿದ್ದಳು. ನನ್ನನ್ನು ಕೇಳಿದರೆ, ಮರ ನೋಡಲಿಕ್ಕೆ ಅಷ್ಟು ದೂರ ಹೋಗಬೇಕೆ ಎನ್ನುತ್ತಿದ್ದೆ. ಶಿರಸಿ ಕಡೆ ಹುಟ್ಟಿದವಳಿಗೆ ಸಾಗವಾನಿ ಮರ (ನಮ್ಮ ಕಡೆ ಹಾಗೆಯೇ ಹೇಳುವುದು) ಏನು ಹೊಸದು? ಅಷ್ಟೇ ಅಲ್ಲ, ಆ ಮರದ ಜೊತೆ ನನಗೆ ಒಂದು ಹಳೆಯ ಮನಸ್ತಾಪವೂ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು, ಅದು ಮುಗಿಯುವಷ್ಟರಲ್ಲಿ ಮುದುಮಲೆ, ಆಮೇಲೆ ಗೂಡಲೂರು. ಅಲ್ಲಿಂದ ನಾಡುಕಾಣಿ ಘಟ್ಟ ಇಳಿದರೆ ನಿಲಂಬೂರು. ಮೂರು ರಾಜ್ಯ ಒಂದೇ ಬೆಳಗಿನಲ್ಲಿ ಮುಗಿದುಹೋಗುತ್ತದೆ. ಕಾಡಿಗೆ ಮಾತ್ರ ಎಲ್ಲಿ ಕರ್ನಾಟಕ ಮುಗಿಯಿತು, ಎಲ್ಲಿ ತಮಿಳುನಾಡು ಶುರುವಾಯಿತು ಎನ್ನುವುದರ ಪರಿವೆ ಇದ್ದಂತಿರಲಿಲ್ಲ. ಘಟ್ಟ ಇಳಿಯುತ್ತಿದ್ದಂತೆ ಗಾಳಿ ಒದ್ದೆಯಾಯಿತು. ಒಂದೆರಡು ಮಳೆ ಬಿದ್ದು ತೇಗದ ಮರಗಳು ಆಗತಾನೇ ಚಿಗುರಿದ್ದವು.

ಮ್ಯೂಸಿಯಂ ಇರುವುದು ಊರಿನಿಂದ ನಾಲ್ಕು ಕಿಲೋಮೀಟರ್ ಈಚೆ, ಗೂಡಲೂರು ರಸ್ತೆಯಲ್ಲಿ. ಪೀಚಿಯಲ್ಲಿ 1975ರಲ್ಲಿ ಸ್ಥಾಪನೆಯಾದ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯ ಉಪಕೇಂದ್ರ ಅಲ್ಲಿದೆ. ಅದರ ಆವರಣದಲ್ಲಿ 1995ರಲ್ಲಿ ಈ ಎರಡಂತಸ್ತಿನ ಸಂಗ್ರಹಾಲಯ ತೆರೆದರು. ಒಂದೇ ಒಂದು ಜಾತಿಯ ಮರಕ್ಕೆ ಇಷ್ಟು ದೊಡ್ಡ ಕಟ್ಟಡ!

ಬಾಗಿಲಲ್ಲಿಯೇ ನಮ್ಮನ್ನು ನಿಲ್ಲಿಸಿದ್ದು ಒಂದು ಬೇರು. ಐವತ್ತೈದು ವರ್ಷದ ತೇಗದ ಮರವೊಂದರ ಇಡೀ ಬೇರಿನ ಸಮೂಹವನ್ನು ಮಣ್ಣಿನಿಂದ ಬಿಡಿಸಿ ತಂದು ನಿಲ್ಲಿಸಿದ್ದಾರೆ. ಮರವನ್ನು ನಾವು ಯಾವಾಗಲೂ ಮೇಲಿನಿಂದ ನೋಡುತ್ತೇವೆ, ಬುಡ ಎಂದರೆ ಅಲ್ಲಿಗೆ ಮುಗಿಯಿತು. ಇಲ್ಲಿ ಮಣ್ಣೊಳಗಿನ ಸಂಸಾರವೆಲ್ಲ ಬೀದಿಗೆ ಬಂದು ನಿಂತ ಹಾಗಿತ್ತು. ಸೀರೆಯ ನೆರಿಗೆ ಹರಡಿದಂತೆ ಸುತ್ತಲೂ ಹರಡಿಕೊಂಡ ಬೇರುಗಳು. ಮೊಮ್ಮಗಳು ಬಗ್ಗಿ ಕೆಳಗೆ ನುಸುಳಲಿಕ್ಕೆ ನೋಡಿದಳು. ಕಾವಲುಗಾರ ಗದರಲಿಲ್ಲ, ನಕ್ಕು ಬೆರಳಾಡಿಸಿದ.

ಒಳಗೆ ನೋಡುವುದು ಬಹಳವಿದೆ, ಎಲ್ಲವನ್ನೂ ಇಲ್ಲಿ ಪಟ್ಟಿ ಮಾಡಲಾರೆ. ಪರಂಬಿಕುಳಂ ಕಾಡಿನಲ್ಲಿರುವ ಕನ್ನಿಮಾರ ತೇಗ ಎಂಬ ಮಹಾವೃಕ್ಷದ ಪ್ರತಿಕೃತಿ ಇದೆ. ಅದಕ್ಕೆ ಸುಮಾರು 450 ವರ್ಷ ವಯಸ್ಸೆಂದು ಅಂದಾಜು. ಎಂದರೆ ವಿಜಯನಗರದ ಕೊನೆಯ ಕಾಲದಲ್ಲಿ ಮೊಳೆತದ್ದು! ಕೆತ್ತನೆಯ ಕಂಬವಿದೆ, ಹಳೆಯ ಮನೆಯ ಬಾಗಿಲಿದೆ. ಬೇಪೂರಿನಲ್ಲಿ ಕಟ್ಟುವ 'ಉರು' ಎಂಬ ಹಡಗಿನ ಮಾದರಿ ಇದೆ. ಚಾಲಿಯಾರ್ ಹೊಳೆ ಕಡಲು ಸೇರುವ ಜಾಗವೇ ಬೇಪೂರು. ಅಲ್ಲಿಯ ಕುಶಲಿಗಳು ಕಾಗದದ ಮೇಲೆ ನಕ್ಷೆ ಬರೆಯದೆ, ಲೆಕ್ಕವನ್ನೆಲ್ಲ ತಲೆಯಲ್ಲಿಟ್ಟುಕೊಂಡು ಅರಬರ ದೇಶದವರಿಗೆ ಹಡಗು ಕಟ್ಟಿಕೊಡುತ್ತ ಬಂದವರು. ನಮ್ಮ ಅಜ್ಜಿಯಂದಿರು ಅಳತೆಯ ಲೋಟವಿಲ್ಲದೆ ಇನ್ನೂರು ಜನರ ಅಡಿಗೆ ಇಳಿಸುತ್ತಿದ್ದರಲ್ಲ, ಅದೇ ಜಾತಿಯ ವಿದ್ಯೆ.

ಇನ್ನೊಂದು ಕಡೆ ತೇಗದ ಎಲೆ ತಿನ್ನುವ ಹುಳದ ವಿವರಗಳಿದ್ದವು. ಮಳೆಗಾಲದ ಆರಂಭದಲ್ಲಿ ಈ ಹುಳ ಬಿದ್ದರೆ ಇಡೀ ನೆಡುತೋಪು ನಾಲ್ಕೇ ದಿನದಲ್ಲಿ ಬೋಳಾಗುತ್ತದೆ. ಒಂದೇ ಜಾತಿಯ ಮರ ಮೈಲುಗಟ್ಟಲೆ ನೆಟ್ಟರೆ ಹುಳಕ್ಕೆ ನಿತ್ಯ ಮದುವೆಯೂಟ. ಇದಕ್ಕೆ ವಿಷ ಹೊಡೆಯದೆ, ಹುಳಕ್ಕೇ ಬರುವ ಒಂದು ವೈರಸ್ ರೋಗವನ್ನು ಹಬ್ಬಿಸಿ ಹದ್ದುಬಸ್ತಿಗೆ ತರುವ ದಾರಿಯನ್ನು ಈ ಸಂಸ್ಥೆಯ ವಿಜ್ಞಾನಿಗಳು ಕಂಡುಹಿಡಿದಿದ್ದಾರೆ. ಮೊಮ್ಮಗ ಇದನ್ನು ಬಹಳ ಆಸಕ್ತಿಯಿಂದ ನೋಡಿದ. "ಹುಳಕ್ಕೂ ಜ್ವರ ಬರ್ತದಾ?" ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದ.

ಆದರೆ ನನ್ನ ಮನಸ್ಸು ನಿಂತದ್ದು ಆ ಉರುವಿನ ಮುಂದೆ. ನಿಲಂಬೂರಿನ ಕತೆ ಎಂದರೆ ಹಡಗಿನ ಕತೆಯೇ.

ಇಂಗ್ಲಿಷರ ಹಡಗುಗಳು ಮೊದಲು ಅವರ ದೇಶದ ಓಕ್ ಮರದವು. ಓಕ್ ಮರದ ರಸ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ತೇಗದಲ್ಲಿ ಒಂದು ಬಗೆಯ ಎಣ್ಣೆಯಂಶ ಇರುವುದರಿಂದ ಮೊಳೆಗೆ ತುಕ್ಕು ಹತ್ತುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ, ಬಿಸಿಲು ಮಳೆಗೆ ಹಲಗೆ ಸೊಟ್ಟಗಾಗುವುದಿಲ್ಲ. ಮುಂಬಯಿಯ ಹಡಗುಕಟ್ಟೆಯಲ್ಲಿ ಪಾರ್ಸಿ ವಾಡಿಯಾ ಮನೆತನದವರು ಮಲಬಾರಿನ ತೇಗದಿಂದ ಇಂಗ್ಲಿಷ್ ನೌಕಾಪಡೆಗೆ ಹಡಗು ಕಟ್ಟಿಕೊಟ್ಟರು. ಅವುಗಳಲ್ಲಿ 1817ರಲ್ಲಿ ನೀರಿಗಿಳಿದ 'ಟ್ರಿಂಕೋಮಲಿ' ಎಂಬ ಹಡಗು ಎರಡು ನೂರು ವರ್ಷ ಕಳೆದರೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇನ್ನೂ ತೇಲುತ್ತಿದೆ. ಇನ್ನೊಂದು ಹಡಗು 'ಕಾರ್ನ್‌ವಾಲಿಸ್'. ಅಫೀಮು ಯುದ್ಧದಲ್ಲಿ ಸೋತ ಚೀನ ದೇಶ ಹಾಂಗ್‌ಕಾಂಗನ್ನು ಬಿಟ್ಟುಕೊಟ್ಟ ಒಪ್ಪಂದಕ್ಕೆ 1842ರ ಆಗಸ್ಟ್ 29ರಂದು ರುಜು ಬಿದ್ದದ್ದು ಈ ಹಡಗಿನ ಮೇಲೆ. ನಮ್ಮ ಘಟ್ಟದ ಮಗ್ಗುಲಲ್ಲಿ ಹುಟ್ಟಿದ ಮರ ಎಲ್ಲೆಲ್ಲಿಗೆ ಹೋಗಿ ಯಾರ್ಯಾರ ಪಾಪಕ್ಕೆ ಸಾಕ್ಷಿಯಾಯಿತು ನೋಡಿ.

ಹಡಗಿಗೆ ಮರ ಬೇಕು ಎಂದ ಮೇಲೆ ಮರ ಯಾರದು ಎಂಬ ಪ್ರಶ್ನೆ ಬಂತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಮಲಬಾರಿನ ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿದರು. ಹೆಸರು ಸಂರಕ್ಷಕ. ಮಾಡಿದ ಕೆಲಸವೆಂದರೆ ತೇಗವೆಲ್ಲ ಕಂಪನಿಯದು ಎಂದು ಸಾರಿದ್ದು. ತನ್ನ ಹಿತ್ತಲಿನ ಮರವನ್ನು ತಾನೇ ಕಡಿದರೂ ರೈತ ಅಪರಾಧಿ. ಜನರ ದೂರು ಎಷ್ಟು ಬೆಳೆಯಿತೆಂದರೆ, ಮದರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ 1823ರಲ್ಲಿ ಆ ವ್ಯವಸ್ಥೆಯನ್ನೇ ತೆಗೆದುಹಾಕಿದ. ಆದರೆ ಅಷ್ಟರಿಂದ ಮರ ಉಳಿಯಲಿಲ್ಲ. ಕಟ್ಟು ಬಿಚ್ಚಿದ ಮೇಲೆ ವ್ಯಾಪಾರಿಗಳು ನುಗ್ಗಿದರು. ಹೊಳೆಯ ದಡದಲ್ಲಿದ್ದ, ತೇಲಿಸಿಕೊಂಡು ಹೋಗಲಿಕ್ಕೆ ಸುಲಭವಾದ ಮರವೆಲ್ಲ ಇಪ್ಪತ್ತು ವರ್ಷದಲ್ಲಿ ಹೋಯಿತು.

ಆಗ ಬಂದವನು ಕಾನೊಲಿ. ಹೆನ್ರಿ ವ್ಯಾಲೆಂಟೈನ್ ಕಾನೊಲಿ 1840ರಲ್ಲಿ ಮಲಬಾರಿನ ಕಲೆಕ್ಟರ್ ಆದ. ಹೋದ ಮರವನ್ನು ಮತ್ತೆ ಬೆಳೆಸಬೇಕು, ಬೇಗ ಫಲ ಕೊಡದ ಈ ಕೆಲಸಕ್ಕೆ ಖಾಸಗಿಯವರು ಕೈಹಾಕಲಾರರು, ಸರಕಾರವೇ ಮಾಡಬೇಕು ಎಂದು ಮೇಲಿನವರಿಗೆ ಬರೆದ. ಕಾಡು ಹೋದದ್ದು ಜನರ ಅಜಾಗ್ರತೆ ಮತ್ತು ದುರಾಸೆಯಿಂದ ಎಂದೂ ಸೇರಿಸಿದ. ನೌಕಾಪಡೆಯ ಹೊಟ್ಟೆಯ ಮಾತು ಅವನು ಎತ್ತಲಿಲ್ಲ. ಅಧಿಕಾರಿಗಳ ಕಾಗದ ಯಾವ ಕಾಲದಲ್ಲೂ ಹಾಗೆಯೇ ಅಲ್ಲವೆ?

ನೆಡುವುದೇನೋ ಸರಿ, ಬೀಜ ಮೊಳೆಯಬೇಕಲ್ಲ! ತೇಗದ ಕಾಯಿಯನ್ನು ನೀವು ನೋಡಿರಬಹುದು. ಬಟಾಣಿಗಿಂತ ಸ್ವಲ್ಪ ದೊಡ್ಡದು, ಮೇಲೆ ನವಿರಾದ ನಾರು, ಒಳಗೆ ಕಲ್ಲಿನಂಥ ಗಟ್ಟಿ ಚಿಪ್ಪು. 1842ರಿಂದ ಬಗೆಬಗೆಯಾಗಿ ಬಿತ್ತಿ ನೋಡಿದರು, ಮೊಳಕೆ ಬರಲಿಲ್ಲ. ಕಾಡಿನಲ್ಲಿ ತಾನಾಗಿ ಹುಟ್ಟುವುದು ಸರಕಾರ ಹೇಳಿದರೆ ಹುಟ್ಟುವುದಿಲ್ಲ. ಕೊನೆಗೆ ದಾರಿ ತೋರಿಸಿದ್ದು 1844ರಲ್ಲಿ ಕೆಲಸಕ್ಕೆ ಬಂದ ಚಾತ್ತು ಮೇನೋನ್ ಎಂಬ ಸ್ಥಳೀಯ ಅಧಿಕಾರಿ. ಬೀಜವನ್ನು ನೀರಿನಲ್ಲಿ ನೆನೆಸಿ, ಮಡಿ ಮಾಡಿ ತೆಳುವಾಗಿ ಮಣ್ಣು ಮುಚ್ಚಿ, ಮೇಲೆ ಹುಲ್ಲು ಹೊದಿಸಿ, ಸಂಜೆ ಸಂಜೆ ನೀರು ಚಿಮುಕಿಸಿ, ಮಳೆ ಹಿಡಿಯುವ ಹೊತ್ತಿಗೆ ಸಸಿ ಎತ್ತಿ ನೆಡುವುದು. ಇಷ್ಟೇ. ಮೊಳಕೆಕಾಳು ಕಟ್ಟುವ, ಬದನೆ ಸಸಿ ಮಾಡುವ ಯಾವ ಹೆಂಗಸಿಗೂ ಇದು ಹೊಸ ವಿದ್ಯೆ ಅಲ್ಲ. ಕಾನೊಲಿ ಸಾಹೇಬ ಎರಡು ವರ್ಷ ಮೊದಲೇ ಯಾರದಾದರೂ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದರೆ ಆಗುತ್ತಿತ್ತು ಎಂದು ಮಗಳ ಹತ್ತಿರ ಹೇಳಿ ನಕ್ಕೆ.

ಚಾತ್ತು ಮೇನೋನ್ 1862ರ ತನಕ ಲಕ್ಷಗಟ್ಟಲೆ ಸಸಿ ನೆಡಿಸಿದ. ಮನುಷ್ಯರು ನೆಟ್ಟು ಬೆಳೆಸಿದ ತೇಗದ ತೋಪುಗಳಲ್ಲಿ ಜಗತ್ತಿನಲ್ಲೇ ಹಳೆಯದು ಇಲ್ಲಿಯದು. ಚರಿತ್ರೆಯಲ್ಲಿ ನಮಗೆ ಸಿಗುವುದು ಈ ಎರಡು ಹೆಸರು. ನೀರು ಹೊತ್ತವರು, ಕಳೆ ಕಿತ್ತವರು, ಜಿಗಣೆ ಕಚ್ಚಿಸಿಕೊಂಡು ಗುಂಡಿ ತೋಡಿದವರು ಆ ಲಕ್ಷದ ಲೆಕ್ಕದೊಳಗೆ ಸೇರಿಹೋಗಿದ್ದಾರೆ.

ಕಾನೊಲಿಯ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅವನ ಅಣ್ಣತಮ್ಮಂದಿರೂ ಕಂಪನಿಯ ಕೆಲಸಕ್ಕೆ ಬಂದವರೇ. ಎಡ್ವರ್ಡ್ 1840ರಲ್ಲಿ ಆಫ್ಘಾನಿಸ್ತಾನದಲ್ಲಿ ಗುಂಡಿಗೆ ಬಲಿಯಾದ. ಜಾನ್ 1842ರಲ್ಲಿ ಕಾಬೂಲಿನಲ್ಲಿ ಒತ್ತೆಯಾಳಾಗಿದ್ದಾಗಲೇ ತೀರಿಕೊಂಡ. ಅದೇ ವರ್ಷ ಆರ್ಥರನನ್ನು ಬುಖಾರಾದ ಅಮೀರ ಕೊಲ್ಲಿಸಿದ. ನಿಲಂಬೂರಿನಲ್ಲಿ ಮೊಳೆಯದ ಬೀಜದ ಮಡಿಗಳನ್ನು ನೋಡುತ್ತಿದ್ದ ವರ್ಷವೇ ಇವನಿಗೆ ಇಬ್ಬರು ಒಡಹುಟ್ಟಿದವರ ಸಾವಿನ ಸುದ್ದಿ. ಕೊನೆಗೆ ಇವನ ಸರದಿಯೂ ಬಂತು. ಮಲಬಾರಿನಲ್ಲಿ ಮಾಪಿಳ್ಳೆ ರೈತರ ದಂಗೆಗಳು ನಡೆಯುತ್ತಿದ್ದ ಕಾಲ ಅದು. ಅವರು ಪೂಜ್ಯರೆಂದು ನಂಬಿದ್ದ ಸಯ್ಯದ್ ಫಜಲ್ ತಂಙಳರನ್ನು 1852ರಲ್ಲಿ ದೇಶ ಬಿಡಿಸಿದ್ದು ಈ ಕಲೆಕ್ಟರನ ಕಾಲದಲ್ಲಿ. 1855ರ ಸೆಪ್ಟೆಂಬರ್ 11ರ ರಾತ್ರಿ ಕಲ್ಲಿಕೋಟೆಯ ಬಂಗಲೆಯ ಜಗಲಿಯಲ್ಲಿ ಹೆಂಡತಿಯ ಜೊತೆ ಕುಳಿತಿದ್ದಾಗ, ಜೈಲಿನಿಂದ ತಪ್ಪಿಸಿಕೊಂಡು ಬಂದ ಕೆಲವರು ಅವನನ್ನು ಕಡಿದು ಕೊಂದರು. ನೆಟ್ಟ ಸಸಿಗಳಿಗೆ ಆಗ ಹನ್ನೊಂದು ವರ್ಷ. ತೇಗ ಕಡಿಯುವಷ್ಟು ಬಲಿಯಬೇಕಾದರೆ ಅರವತ್ತು ವರ್ಷವಾದರೂ ಬೇಕು.

ಇಷ್ಟು ಓದಿಕೊಂಡು ಮೇಲಿನ ಅಂತಸ್ತಿನಿಂದ ಇಳಿಯುವಾಗ ಮಗಳು, "ಆಯೀ, ನಮ್ಮನೆ ತೊಟ್ಟಿಲು ಇದೇ ಮರದ್ದಲ್ದಾ?" ಎಂದಳು. ನಾನು ಹೂಂ ಎಂದೆ. ಹಳೆಯ ಮನಸ್ತಾಪ ಎಂದೆನಲ್ಲ, ಅದು ಈ ತೊಟ್ಟಿಲಿನದು.

ನನ್ನ ಮಾವಯ್ಯ ಘಟ್ಟದ ಮೇಲಿನ ಒಂದು ನಾಟಾ ಡಿಪೋದಲ್ಲಿ ಗುಮಾಸ್ತರಾಗಿದ್ದರು. ನಾಟಾ ಎಂದರೆ ಕಡಿದ ಮರದ ದಿಮ್ಮಿ. ದಿಮ್ಮಿಯ ಸುತ್ತಳತೆ, ಉದ್ದ, ತುದಿಗೆ ಹೊಡೆದ ಸುತ್ತಿಗೆಯ ಮುದ್ರೆ, ಲಾಟು ನಂಬರು, ಎಲ್ಲವನ್ನೂ ದಪ್ಪ ರಿಜಿಸ್ಟರಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದರು. ಲಿಲಾವಿನ ದಿನ ದೂರದೂರದಿಂದ ವ್ಯಾಪಾರಿಗಳು ಬರುತ್ತಿದ್ದರು. ಆ ಸಂಬಳದಲ್ಲಿ ನಾಲ್ಕು ಮಕ್ಕಳನ್ನು ಓದಿಸಿದರು, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದರು. 1982ರಲ್ಲಿ ನನಗೆ ಈ ಮಗಳು ಹುಟ್ಟಿದಾಗ, ಲಿಲಾವಿನಲ್ಲಿ ನ್ಯಾಯವಾಗಿ ಕೊಂಡ ತುಂಡಿನಿಂದ ಆಚಾರಿಯನ್ನು ಕೂರಿಸಿ ತೊಟ್ಟಿಲು ಮಾಡಿಸಿದರು. ರಸೀದಿಯನ್ನು ತೊಟ್ಟಿಲ ಜೊತೆಗೇ ಜೋಪಾನವಾಗಿ ಇಟ್ಟಿದ್ದರು. ಸಾಗವಾನಿ ಮನೆಯೊಳಗಿದ್ದರೆ ರಸೀದಿಯೂ ಇರಬೇಕು ಎನ್ನುವ ಕಾಲ ಅದು. ತೇಗ, ಬೀಟೆ, ಗಂಧ ಯಾರ ಜಾಗದಲ್ಲಿ ಹುಟ್ಟಿದರೂ ಸರಕಾರದ್ದೇ ಎನ್ನುವ ಕಾನೂನು ನಮ್ಮ ಕಡೆ ಬಹಳ ಕಾಲ ನಡೆಯಿತು. ಕಾನೊಲಿಯ ದಿನಗಳಲ್ಲಿ ನಮ್ಮ ಕೆನರಾ ಜಿಲ್ಲೆಯೂ ಮಲಬಾರಿನ ಹಾಗೆ ಮದರಾಸಿನ ಕೈಕೆಳಗೇ ಇತ್ತಲ್ಲ, 1862ರಲ್ಲಿ ಉತ್ತರದ ಅರ್ಧ ಮುಂಬಯಿಗೆ ಸೇರಿತು. ಯಜಮಾನರು ಬದಲಾದರು, ಮರದ ಮೇಲಿನ ಕಣ್ಣು ಬದಲಾಗಲಿಲ್ಲ.

ನನ್ನ ತವರಿನ ಕತೆ ಬೇರೆ. ನಮ್ಮದು ಅಡಿಕೆ ತೋಟದ ಊರು. ತೋಟಕ್ಕೆ ಸೊಪ್ಪು ಬೇಕು, ಕೊಟ್ಟಿಗೆಗೆ ದರಕು ಬೇಕು. ಅದಕ್ಕಾಗಿ ಇಂಗ್ಲಿಷರ ಕಾಲದಿಂದಲೂ ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆಯ ತನಕ ಸೊಪ್ಪಿನ ಬೆಟ್ಟದ ಹಕ್ಕು ಇದೆ. ಬೆಟ್ಟ, ಅದರಾಚೆಯ ಕಾಡು, ಕಾಡಿನಿಂದ ಬರುವ ಹಳ್ಳದ ನೀರು, ಇವಿಷ್ಟೂ ಸೇರಿದರೆ ತೋಟ. ಆ ಕಾಡನ್ನು ಕಡಿದು ಸಾಲುಸಾಲಾಗಿ ಸಾಗವಾನಿ, ನೀಲಗಿರಿ ನೆಟ್ಟಾಗ ಏನಾಯಿತು ಎನ್ನುವುದನ್ನು ನನ್ನ ಚಿಕ್ಕಮ್ಮ ಒಂದೇ ಮಾತಿನಲ್ಲಿ ಹೇಳುತ್ತಿದ್ದಳು: "ಸಾಗವಾನಿ ಸೊಪ್ಪು ದನವೂ ತಿಂತಿಲ್ಲೆ, ತೋಟವೂ ತಿಂತಿಲ್ಲೆ." ಮಾವಿನಕಾಯಿ, ಉಪ್ಪಾಗೆ, ದಾಲ್ಚಿನ್ನಿ, ಜೇನು ಕೊಡುತ್ತಿದ್ದ ಕಾಡು ಹೋಗಿ ಅದರ ಜಾಗದಲ್ಲಿ ಕವಾಯತಿಗೆ ನಿಂತ ಪೋಲೀಸರಂತೆ ಮರಗಳು. ತೇಗದ ಅಗಲ ಎಲೆಯ ಮೇಲೆ ಮಳೆನೀರು ಕೂಡಿ ದಪ್ಪ ಹನಿಯಾಗಿ ಬೀಳುತ್ತದೆ. ಕೆಳಗೆ ಗಿಡಗಂಟಿ ಇಲ್ಲದಿದ್ದರೆ ಆ ಪೆಟ್ಟಿಗೆ ಮಣ್ಣು ಎದ್ದು ಹೋಗುತ್ತದೆ. ಇದನ್ನು ಈಗ ವಿಜ್ಞಾನಿಗಳೂ ಹೇಳುತ್ತಾರೆ. ಚಿಕ್ಕಮ್ಮ ಹಳ್ಳದ ನೀರು ಕೆಂಪಾದದ್ದನ್ನು ನೋಡಿಯೇ ಹೇಳಿದ್ದಳು.

1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಹತ್ತಿರದ ಕಳಾಸೆ ಕಾಡಿನಲ್ಲಿ ಜನ ಮರಗಳನ್ನು ಅಪ್ಪಿ ನಿಂತರು. ಹಿಮಾಲಯದಲ್ಲಿ ಚಿಪ್ಕೋ ನಡೆದಿತ್ತು, ಸುಂದರಲಾಲ ಬಹುಗುಣರು ನಮ್ಮ ಕಡೆಗೂ ಬಂದು ಮಾತಾಡಿ ಹೋಗಿದ್ದರು. ಪಾಂಡುರಂಗ ಹೆಗಡೆಯವರು, ಊರಿನ ಯುವಕರು, ಹೆಂಗಸರು ಎಲ್ಲ ಸೇರಿದರು. ಕೊಡಲಿ ಎತ್ತಿದವನು ಮರದ ಬದಲು ಮನುಷ್ಯರ ಬೆನ್ನು ನೋಡಿ ಕೈ ಇಳಿಸಬೇಕಾಯಿತು. ಅಪ್ಪಿಕೋ ಎಂದು ಅದಕ್ಕೆ ಹೆಸರಾಯಿತು. ಚಿಕ್ಕಮ್ಮ ಅಲ್ಲಿಗೆ ಹೋದಳು. ಹೊಲಿಗೆಯ ಕ್ಲಾಸಿಗಿಂತ ದೂರ ಒಬ್ಬಳೇ ಹೋದವಳಲ್ಲ ಅವಳು. ನನಗೂ ಹೇಳಿ ಕಳುಹಿಸಿದ್ದಳು, "ಒಂದು ದಿನಕ್ಕಾದರೂ ಬಾ" ಎಂದು.

ನಾನು ಹೋಗಲಿಲ್ಲ. ವರ್ಷದ ಮಗು ಇತ್ತು ಎನ್ನುವುದು ನಿಜ. ಆದರೆ ಕಾರಣ ಅದಲ್ಲ. ನಾಟಾ ಡಿಪೋದ ಗುಮಾಸ್ತರ ಸೊಸೆ ಮರ ಅಪ್ಪಿಕೊಂಡು ನಿಂತಳು ಎಂದರೆ ಮಾವಯ್ಯನ ನೌಕರಿಗೆ ಏನಾದೀತೋ ಎಂಬ ಹೆದರಿಕೆ. ಯಾರೂ ನನ್ನನ್ನು ಬೇಡ ಎನ್ನಲಿಲ್ಲ. ಮಾವಯ್ಯ ರಾತ್ರಿ ಊಟಕ್ಕೆ ಕುಳಿತಾಗ, "ನಿನ್ನ ಚಿಕ್ಕಮ್ಮನೂ ಹೋಯ್ದಡಲೇ" ಎಂದರು, ಅಷ್ಟೇ. ಸಿಟ್ಟೋ ಮೆಚ್ಚುಗೆಯೋ ಧ್ವನಿಯಲ್ಲಿ ತಿಳಿಯಲಿಲ್ಲ. ನಾನು ಮಜ್ಜಿಗೆ ಬಡಿಸಿದೆ. ಒಳಗೆ ತೊಟ್ಟಿಲಲ್ಲಿ ಮಗು ಎದ್ದು ಅತ್ತಿತು.

ಚಿಕ್ಕಮ್ಮ ಅದನ್ನು ಒಮ್ಮೆಯೂ ಎತ್ತಿ ಆಡಲಿಲ್ಲ. ಅದೇ ನನಗೆ ಕಷ್ಟವಾದದ್ದು. ಈಗ ಅವಳೂ ಇಲ್ಲ, ಮಾವಯ್ಯನೂ ಇಲ್ಲ. ಯಾವ ಮನೆಯ ಅನ್ನ ಸರಿ, ಯಾವ ಮನೆಯ ನೀರು ಸರಿ ಎಂದು ಹೆಣ್ಣುಮಕ್ಕಳು ನಡುವೆ ನಿಂತು ತೂಗುವ ಪ್ರಸಂಗ ನಿಮಗೂ ಬೇರೆ ಬೇರೆ ರೂಪದಲ್ಲಿ ಬಂದಿರಬಹುದು. ಮ್ಯೂಸಿಯಂನ ಗೋಡೆಗಳ ಮೇಲೆ ತೇಗದ ಗುಣಗಾನ ಓದುವಾಗ ಮಾವಯ್ಯನ ಅಕ್ಷರ ಕಣ್ಣಿಗೆ ಕಟ್ಟುತ್ತಿತ್ತು. ಹುಳದ ವಿವರದ ಮುಂದೆ ಚಿಕ್ಕಮ್ಮನ ನಗು ಕೇಳಿಸಿದ ಹಾಗಾಯಿತು.

ಹಿಂಬದಿಯ ತೋಟದಲ್ಲಿ ಚಿಟ್ಟೆಗಳಿಗೆಂದು ಬೆಳೆಸಿದ ಗಿಡಗಳು, ಔಷಧಿ ಸಸ್ಯಗಳು, ನೀರಿನ ಗಿಡಗಳು. ಮಕ್ಕಳು ಅಲ್ಲಿ ಒಂದು ಗಂಟೆ ಕಳೆದರು. ಗಂಡಸರಿಗೆ ಬೇಸರ ಬಂದು ಚಹಾ ಹುಡುಕಿಕೊಂಡು ಹೋದರು. ಆ ತೋಟವನ್ನು ನೋಡಿದಾಗ ನನಗೆ ಸಮಾಧಾನವಾಯಿತು ಎನ್ನಬೇಕು. ಒಂದೇ ಮರದ ಮನೆಯ ಹಿಂದೆ ನೂರು ಗಿಡ ಬೆಳೆಸುವ ಬುದ್ಧಿ ಯಾರಿಗೋ ಬಂದಿದೆಯಲ್ಲ.

ಮಧ್ಯಾಹ್ನ ಕಾನೊಲಿಯ ತೋಪು ನೋಡಲಿಕ್ಕೆ ಹೋದೆವು. ಚಾಲಿಯಾರ್ ಹೊಳೆಗೆ ಕಟ್ಟಿದ ತೂಗುಸೇತುವೆ ದಾಟಬೇಕಿತ್ತು. ಮೊಮ್ಮಗ ಬೇಕೆಂದೇ ಕುಣಿದು ಸೇತುವೆ ಅಲ್ಲಾಡಿಸಿದ, ನಾನು ದೇವರ ಹೆಸರು ಹೇಳುತ್ತ ದಾಟಿದೆ. ಹಿಂದೆಲ್ಲ ಈ ಹೊಳೆಯ ಮೇಲೆಯೇ ನಾಟಾ ಸಾಗುತ್ತಿತ್ತು. ಆನೆಗಳು ದಿಮ್ಮಿ ಎಳೆದು ದಡಕ್ಕೆ ತರುತ್ತಿದ್ದವು. ಹಸಿ ತೇಗ ನೀರಿನಲ್ಲಿ ಮುಳುಗುತ್ತದೆ, ಬಿದಿರು ಕಟ್ಟಿ ತೆಪ್ಪ ಮಾಡಿ ತೇಲಿಸಿದರೆ ಕಲ್ಲಿಕೋಟೆಯ ಕಲ್ಲಾಯಿ ಎಂಬ ಮರದ ಪೇಟೆಗೆ ಹೋಗಿ ಮುಟ್ಟುತ್ತಿತ್ತು. 1927ರಲ್ಲಿ ಶೋರನೂರಿನಿಂದ ನಿಲಂಬೂರಿಗೆ ರೈಲೂ ಬಂತು. ಎರಡನೆಯ ಮಹಾಯುದ್ಧದಲ್ಲಿ ಕಬ್ಬಿಣ ಬೇಕೆಂದು ಹಳಿಯನ್ನೇ ಕಿತ್ತೊಯ್ದರು, ಯುದ್ಧ ಮುಗಿದ ಮೇಲೆ ಮತ್ತೆ ಹಾಕಿದರು. ಹಳೆಯ ತೋಪಿನ ಬಹುಭಾಗವೂ ಅದೇ ಯುದ್ಧಕ್ಕೆ ಕಡಿದುಹೋಯಿತು. ಉಳಿದದ್ದು 5.7 ಎಕರೆ.

ಆ 5.7 ಎಕರೆಯೊಳಗೆ ಕಾಲಿಟ್ಟಾಗ, ಸುಳ್ಳು ಯಾಕೆ ಹೇಳಲಿ, ನನ್ನ ಮನಸ್ತಾಪವೆಲ್ಲ ಒಂದು ಗಳಿಗೆ ಸುಮ್ಮನಾಯಿತು. ನೂರೆಪ್ಪತ್ತು ವರ್ಷ ಬದುಕಿದ ಮರಗಳು. ಕತ್ತು ನೋಯುವಷ್ಟು ಮೇಲೆ ನೋಡಬೇಕು. ಸಾಲು ಸಾಲಾಗಿ ನೆಟ್ಟದ್ದೇ ಆದರೂ ಈಗ ಸಾಲು ಕಾಣುವುದಿಲ್ಲ. ಕೆಳಗೆ ಬೇರೆ ಗಿಡಬಳ್ಳಿ ತಾವಾಗಿ ಬಂದು ಸೇರಿಕೊಂಡಿವೆ. ಯಾರೂ ಕಡಿಯದೆ ಬಿಟ್ಟರೆ ನೆಡುತೋಪೂ ನಿಧಾನವಾಗಿ ಕಾಡಾಗಲಿಕ್ಕೆ ಹೊರಡುತ್ತದೆಯೋ ಏನೋ. 2018ರಲ್ಲಿ ನಿಲಂಬೂರಿನ ತೇಗಕ್ಕೆ, ಮೈಸೂರು ರೇಷ್ಮೆಗೆ ಸಿಕ್ಕಿದಂತೆ, ಊರಿನ ಹೆಸರಿನ ಮುದ್ರೆ ಸಿಕ್ಕಿತು.

ಅಲ್ಲಿ ನನಗೆ ಅತಿ ಆಶ್ಚರ್ಯವಾದದ್ದು ಇನ್ನೊಂದು ಸಂಗತಿ. ಈ ಕಾಡಿನ ಒಳಗಡೆ, ಕರುಳಾಯಿ ಬೆಟ್ಟಗಳಲ್ಲಿ ಚೋಲನಾಯ್ಕರು ಎಂಬ ಆದಿವಾಸಿಗಳಿದ್ದಾರೆ. ಕೆಲವೇ ನೂರು ಜನ. ಬಂಡೆಗಳ ಗವಿಯಲ್ಲಿ ಇದ್ದುಕೊಂಡು ಜೇನು, ಗೆಡ್ಡೆಗೆಣಸು, ಕಾಡುತ್ಪತ್ತಿಯಿಂದ ಬದುಕುತ್ತ ಬಂದವರು. ಸುತ್ತಲಿನವರೆಲ್ಲ ಮಲಯಾಳ ಆಡಿದರೆ ಇವರ ನುಡಿ ಕನ್ನಡಕ್ಕೆ ಹತ್ತಿರದ್ದು. ಮೈಸೂರು ಕಡೆಯ ಕಾಡಿನಿಂದ ಎಂದೋ ಬಂದವರು ಎನ್ನುವ ಮಾತೂ ಇದೆ. ಕಾನೊಲಿ ಬರುವ ಮೊದಲೂ, ವಾಟ್ಸನ್ ಬರುವ ಮೊದಲೂ ಈ ಘಟ್ಟದಲ್ಲಿ ಮರ, ಬೇರು, ಜೇನು, ಮಳೆಗಳನ್ನು ಕನ್ನಡದ ಬಳ್ಳಿಯ ಮಾತುಗಳಲ್ಲಿ ಕರೆಯುವವರು ಇದ್ದರು ಎಂದಾಯಿತು. ತೇಗಕ್ಕೆ ಅವರು ಏನೆನ್ನುತ್ತಾರೋ ಕೇಳಿಸಿಕೊಳ್ಳಬೇಕು ಎನ್ನುವ ಆಸೆ ಆಸೆಯಾಗಿಯೇ ಉಳಿಯಿತು. ಇಂಗ್ಲಿಷಿನ 'ಟೀಕ್' ಮಲಯಾಳದ ತೇಕ್ಕಿನಿಂದ ಪೋರ್ಚುಗೀಸರ ಬಾಯಿಗೆ ಹೋಗಿ 'ತೇಕಾ' ಆಗಿ ಅಲ್ಲಿಂದ ಬಂದದ್ದು. ಹಡಗು ಹತ್ತುವ ಮೊದಲು ಮರ ಹೆಸರನ್ನೂ ಜೊತೆಗೆ ಕಟ್ಟಿಕೊಂಡು ಹೋಯಿತು.

ಹೊರಡುವ ಮೊದಲು ಕೆಳಗಿದ್ದ ಎಳೆಯ ಸಸಿಯೊಂದರ ಚಿಗುರೆಲೆ ಕಿತ್ತು ಮೊಮ್ಮಗಳ ಅಂಗೈಯಲ್ಲಿಟ್ಟು ತಿಕ್ಕು ಎಂದೆ. ತಿಕ್ಕಿದಳು. ಅಂಗೈ ಕುಂಕುಮ ಹಚ್ಚಿದಂತೆ ಕೆಂಪಾಯಿತು. "ರಕ್ತ!" ಎಂದು ಚೀರಿ ಆಮೇಲೆ ಅಣ್ಣನ ಕೆನ್ನೆಗೆಲ್ಲ ಬಳಿದಳು. ಮದರಂಗಿ ಸಿಗದ ದಿನಗಳಲ್ಲಿ ನಾನೂ ಚಿಕ್ಕಮ್ಮನೂ ಹೀಗೇ ಕೈ ಕೆಂಪು ಮಾಡಿಕೊಳ್ಳುತ್ತಿದ್ದೆವು. ಅವಳು ನನಗಿಂತ ಎಂಟು ವರ್ಷಕ್ಕಷ್ಟೇ ದೊಡ್ಡವಳು.

ಎರಡು ವರ್ಷದ ನಂತರ, 2019ರ ಆಗಸ್ಟಿನಲ್ಲಿ ಚಾಲಿಯಾರ್ ಉಕ್ಕಿತು. ನಾವು ದಾಟಿದ್ದ ತೂಗುಸೇತುವೆ ಪ್ರವಾಹಕ್ಕೆ ಸಿಕ್ಕಿ ಹಾಳಾಯಿತು. ಅದೇ ಆಗಸ್ಟ್ 8ರಂದು ನಿಲಂಬೂರಿನ ಸಮೀಪದ ಕವಳಪ್ಪಾರದಲ್ಲಿ ಗುಡ್ಡ ಕುಸಿದು 59 ಜನ ಮಣ್ಣಿನಡಿ ಸತ್ತರು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕೈ, ಚೂರಲ್‌ಮಲೆಗಳ ಮೇಲೆ ಬೆಟ್ಟ ಇಳಿದು ಬಂತು. ಇನ್ನೂರೈವತ್ತಕ್ಕೂ ಹೆಚ್ಚು ಜನ ಹೋದರು. ಸತ್ತವರಲ್ಲಿ ಅನೇಕರ ದೇಹಗಳು ಕಾಡು ಕಣಿವೆಗಳನ್ನು ದಾಟಿಕೊಂಡು ಈ ಚಾಲಿಯಾರಿನಲ್ಲಿ ತೇಲಿ ನಿಲಂಬೂರಿನ ಕಡೆಗೆ ಬಂದವು. ದಿಮ್ಮಿ ಸಾಗುತ್ತಿದ್ದ ಹೊಳೆ. ದಡದ ಊರುಗಳವರು ದಿನಗಟ್ಟಲೆ ನೀರಿಗಿಳಿದು ಎತ್ತಿದರು.

ಆ ದಿನ ರಾತ್ರಿ ಮೊಮ್ಮಗಳು ಮೈಸೂರಿನಿಂದ ಫೋನು ಮಾಡಿದಳು. ಆಗ ಅವಳು ಒಂಬತ್ತನೆಯ ತರಗತಿ. "ಅಮ್ಮಮ್ಮಾ, ಟಿವಿಯಲ್ಲಿ ತೋರಿಸ್ತಾ ಇದ್ದಾರಲ್ಲ, ನಾವು ಸೇತುವೆ ಮೇಲಿಂದ ನೋಡಿದ ಹೊಳೆಯೇ ಅಲ್ವಾ ಅದು?" ಎಂದಳು. ಹೌದು, ಅದೇ ಹೊಳೆ ಎಂದೆ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಅಲ್ಲಿ ಬಾಗಿಲಲ್ಲಿ ಒಂದು ಬೇರು ಇಟ್ಟಿದ್ರಲ್ಲ, ಅದು ಆಳಕ್ಕೆ ಹೋಗ್ತದಾ, ಅಗಲಕ್ಕೆ ಹೋಗ್ತದಾ?"

ನಾನು ಆ ಬೇರನ್ನು ನೆನಪು ಮಾಡಿಕೊಂಡೆ. "ಅಗಲಕ್ಕೇ ಹೆಚ್ಚು, ತಂಗೀ" ಎಂದೆ.